ಸಂಘದ ಸಾಲದಲ್ಲಿ ಕಂಪ್ಯೂಟರ್: ಪ್ರೊಸೆಸರ್ ಆರಿಸುವುದು ಹೇಗೆ?

ಈ ತಿಂಗಳ ಸಭೆಯ ಪಾಠ

ಪಾಠದ ಉದ್ದೇಶ: ಡಿಸೈನ್ ಕೆಲಸಕ್ಕೂ ಗೇಮಿಗೂ ಒಂದೇ ಕಂಪ್ಯೂಟರ್ ಕೊಳ್ಳಲು ಸದಸ್ಯರು ಸಾಲ ಕೇಳಿದಾಗ, ಅದಕ್ಕೆ ಯಾವ ಪ್ರೊಸೆಸರ್ ಬೇಕು, ಎಷ್ಟು ಸಾಲ ಕೊಟ್ಟರೆ ಸಾಕು ಎಂಬುದನ್ನು ಸಂಘವೇ ಕೇಳಿ ತಿಳಿದು ತೀರ್ಮಾನಿಸುವುದು.



ನಮ್ಮ ಸಂಘಗಳು ಶುರುವಾದ ಕಾಲದಲ್ಲಿ ಸಾಲದ ಅರ್ಜಿ ಅಂದರೆ ಹಸು, ಕುರಿ, ಹೊಲಿಗೆ ಯಂತ್ರ, ಗೊಬ್ಬರ, ಆಸ್ಪತ್ರೆ ಖರ್ಚು, ಇಷ್ಟೇ. ಇವಕ್ಕೆ ಸಾಲ ಕೊಡುವಾಗ ನಾವು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಲ್ಲು ನೋಡಿ ಹಸುವಿನ ವಯಸ್ಸು ಹೇಳುತ್ತಿದ್ದೆವು. ಕೆಚ್ಚಲು ನೋಡಿ ಎಷ್ಟು ಹಾಲು ಕೊಟ್ಟೀತು ಅಂತ ಅಂದಾಜು ಮಾಡುತ್ತಿದ್ದೆವು. ಈಗ ಅರ್ಜಿಯಲ್ಲಿ ‘ಕಂಪ್ಯೂಟರ್’ ಎಂದು ಬರುತ್ತಿದೆ. ಕಂಪ್ಯೂಟರಿನ ಹಲ್ಲು ನೋಡುವುದು ಹೇಗೆ? ಅದು ಗೊತ್ತಿಲ್ಲ ಎಂದು ನಾವು ಸುಮ್ಮನೆ ಸಹಿ ಹಾಕುತ್ತೇವೆ, ಇಲ್ಲವೇ ಸುಮ್ಮನೆ ಬೇಡ ಅನ್ನುತ್ತೇವೆ. ಎರಡೂ ಸರಿಯಲ್ಲ.

ಒಂದು ಉದಾಹರಣೆ

ಚಿಕ್ಕರಸಿನಕೆರೆಯ ಒಂದು ಸಂಘದ ಸಭೆ ಎಂದು ಇಟ್ಟುಕೊಳ್ಳೋಣ. ಒಬ್ಬ ಸದಸ್ಯೆ 1,20,000 ರೂಪಾಯಿ ಸಾಲ ಕೇಳಿದ್ದಾರೆ. ಮಗಳು ಸಿವಿಲ್ ಡಿಪ್ಲೊಮಾ ಓದಿ, ಕೆ.ಎಂ. ದೊಡ್ಡಿಯ ಒಂದು ಅಂಗಡಿಯಲ್ಲಿ ಸಂಬಳಕ್ಕೆ ಮನೆ ಪ್ಲಾನು, ಲಗ್ನಪತ್ರಿಕೆ ಡಿಸೈನ್ ಮಾಡುತ್ತಿದ್ದಾಳೆ. ಅದೇ ಕೆಲಸವನ್ನು ಮನೆಯಲ್ಲೇ ಮಾಡುವ ಆಸೆ. ಅವಳ ತಮ್ಮ ಕಾಲೇಜು ಹುಡುಗ. ಅವನಿಗೆ ಗೇಮ್ ಆಡುವ ಆಸೆ. ‘ಇಬ್ಬರಿಗೂ ಒಂದೇ ಮಿಷನ್ ತಗೊಳ್ಳೋಣ’ ಎಂದು ಮನೆಯಲ್ಲಿ ಮಾತಾಗಿದೆ. ಯಾವುದು ತರಬೇಕು ಎಂದು ತೀರ್ಮಾನ ಮಾಡಿದವನು ಮಾತ್ರ ತಮ್ಮ.

“ಮಗ ಐ9 ಬೇಕೇ ಬೇಕು ಅಂತಾವ್ನೆ ಕಣಕ್ಕ. ಕಮ್ಮಿದು ತಂದ್ರೆ ಕೆಲ್ಸಾನೂ ಆಗಕಿಲ್ಲ, ಗೇಮೂ ಓಡಕಿಲ್ವಂತೆ. ನಂಗೇನ್ ಗೊತ್ತಾಯ್ತದೆ? ಅವ್ನು ಹೇಳ್ದ, ನಾನು ಕೇಳ್ತಾ ಇವ್ನಿ” ಅಂದರು ತಾಯಿ.

ಒಬ್ಬರು, “ಆಟ ಆಡಕ್ಕೆ ಸಂಘದ ದುಡ್ಡಾ?” ಎಂದರು. ಇನ್ನೊಬ್ಬರು, “ಓದಿರೋ ಮಕ್ಳು ಕೇಳ್ತಾವೆ, ಕೊಟ್ಬುಡಿ” ಎಂದರು. ಆಗ ಹಿರಿಯ ಸದಸ್ಯೆಯೊಬ್ಬರು ಒಂದೇ ಮಾತು ಕೇಳಿದರು: “ಕಂತು ಕಟ್ಟೋರು ಯಾರವ್ವ?”

“ಮಗಳು. ಅವಳ ದುಡಿಮೆಯಲ್ಲೇ ಕಟ್ಟಬೇಕು.”

“ಹಂಗಾದ್ರೆ ಏನ್ ಬೇಕು ಅಂತ ಮಗಳನ್ನ ಕೇಳ್ದಾ?”

ತಾಯಿ ಸುಮ್ಮನಾದರು. ಕೇಳಿರಲಿಲ್ಲ.

ಈ ಪಾಠ ಇರುವುದು ಈ ಪ್ರಶ್ನೆಯ ಸುತ್ತಲೇ. ಮೊದಲು ಕೆಲಸ, ಆಮೇಲೆ ಪ್ರೊಸೆಸರ್. ಕಂತು ಕಟ್ಟುವವರ ಕೆಲಸಕ್ಕೆ ಏನು ಬೇಕೋ ಅದು ಮೊದಲು. ಆಟಕ್ಕೆ ಬೇಕಾದ್ದು ಅದರ ಜೊತೆಗೆ ಹೊಂದಿಕೊಂಡರೆ ಸಂತೋಷ.

1. ಪ್ರೊಸೆಸರ್ ಅಂದರೇನು?

ಕಂಪ್ಯೂಟರಿನ ಡಬ್ಬದೊಳಗೆ ಮದರ್‌ಬೋರ್ಡ್ ಎಂಬ ಹಲಗೆ ಇರುತ್ತದೆ. ಅದರ ಮೇಲೆ ಕೂರುವ, ಬೆಂಕಿಪೊಟ್ಟಣದಷ್ಟು ಅಗಲದ ಬಿಲ್ಲೆಯೇ ಪ್ರೊಸೆಸರ್. ನಾವು ಕೊಟ್ಟ ಪ್ರತಿಯೊಂದು ಆಜ್ಞೆಯ ಲೆಕ್ಕ ಮಾಡುವುದು ಅದರ ಕೆಲಸ. ನಮ್ಮ ಅಂಗಡಿಗಳಲ್ಲಿ ಸಿಗುವ ಇಂಥ ಕಂಪ್ಯೂಟರುಗಳಿಗೆ ಪ್ರೊಸೆಸರ್ ಕೊಡುವುದು ಮುಖ್ಯವಾಗಿ ಅಮೆರಿಕದ ಎರಡು ಕಂಪನಿಗಳು. 1968ರಲ್ಲಿ ಶುರುವಾದ ಇಂಟೆಲ್ ಮತ್ತು 1969ರಲ್ಲಿ ಶುರುವಾದ ಎ.ಎಂ.ಡಿ. ಇಂಟೆಲ್‌ನ ಡಬ್ಬಿ ಮೇಲೆ ಐ3, ಐ5, ಐ7, ಐ9 ಎಂದೋ, ಈಚಿನದಾದರೆ ಕೋರ್ ಅಲ್ಟ್ರಾ ಎಂದೋ ಇರುತ್ತದೆ. ಎ.ಎಂ.ಡಿ.ಯದರ ಮೇಲೆ ರೈಜೆನ್ 3, 5, 7, 9 ಎಂದಿರುತ್ತದೆ. ಎರಡು ಕಂಪನಿಗಳಲ್ಲೂ ಒಳ್ಳೆಯದೂ ಇದೆ, ನಮಗೆ ಬೇಡದ್ದೂ ಇದೆ. ಹೆಸರು ನೋಡಿ ಪಕ್ಷ ಕಟ್ಟುವ ಅಗತ್ಯ ನಮಗಿಲ್ಲ.

2. ಕೋರ್ ಎಷ್ಟು? ವೇಗ ಎಷ್ಟು?

ಅಂಗಡಿಯವರು ‘ಇದು 6 ಕೋರ್, ಅದು 24 ಕೋರ್’ ಎನ್ನುತ್ತಾರೆ. ಕೋರ್ ಅಂದರೆ ಪ್ರೊಸೆಸರಿನೊಳಗಿನ ಕೆಲಸದಾಳು. ಮದುವೆ ಮನೆಯ ಅಡುಗೆ ನೆನೆಸಿಕೊಳ್ಳಿ. ಸಾರಿಗೆ ತರಕಾರಿ ಹೆಚ್ಚಲು ಹತ್ತು ಜನ ಕೂತರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಒಂದು ಪಾತ್ರೆ ಮುದ್ದೆ ತಿರುವಲು ಹತ್ತು ಜನ ಕೋಲು ಹಿಡಿದರೆ ಆಗುತ್ತದೆಯೇ? ಅಲ್ಲಿ ರಟ್ಟೆಯಲ್ಲಿ ಕಸುವಿರುವ ಒಬ್ಬರೇ ಬೇಕು.

ಕಂಪ್ಯೂಟರಿನಲ್ಲೂ ಹೀಗೆಯೇ ಎರಡು ಬಗೆಯ ಕೆಲಸ.

ಮುದ್ದೆಯಂಥ ಕೆಲಸ: ಲಗ್ನಪತ್ರಿಕೆ, ಕರಪತ್ರ, ಫೋಟೊ ತಿದ್ದುವುದು, ಆಟೊಕ್ಯಾಡ್‌ನಲ್ಲಿ ಮನೆ ಪ್ಲಾನು ಎಳೆಯುವುದು. ಇವುಗಳಲ್ಲಿ ಹೆಚ್ಚಿನ ಪಾಲು ಒಂದೆರಡು ಕೋರ್‌ಗಳ ಮೇಲೇ ಬೀಳುತ್ತದೆ. ಇಲ್ಲಿ ಕೋರ್‌ನ ಸಂಖ್ಯೆಗಿಂತ ಒಂದೊಂದು ಕೋರ್‌ನ ಚುರುಕು ಮುಖ್ಯ.

ತರಕಾರಿ ಹೆಚ್ಚುವಂಥ ಕೆಲಸ: ಮದುವೆ ವಿಡಿಯೊ ಜೋಡಿಸಿ ಕೊನೆಗೆ ಒಂದು ಫೈಲಾಗಿ ತೆಗೆಯುವುದು, ಕಟ್ಟಬೇಕಾದ ಮನೆಯ ಮುಂಭಾಗವನ್ನು ಬಣ್ಣ, ಬೆಳಕು, ನೆರಳು ಸಮೇತ 3ಡಿ ಚಿತ್ರವಾಗಿ ತೆಗೆಯುವುದು. ಇದಕ್ಕೆ ರೆಂಡರ್ ಎನ್ನುತ್ತಾರೆ. ಕೋರ್ ಹೆಚ್ಚಿದ್ದಷ್ಟೂ ಇಲ್ಲಿ ಕಾಯುವ ಹೊತ್ತು ಕಡಿಮೆ. ಎಷ್ಟೋ ರೆಂಡರ್ ಕೆಲಸವನ್ನು ಈಗ ಗ್ರಾಫಿಕ್ಸ್ ಕಾರ್ಡ್ ಕೂಡ ಮಾಡುತ್ತದೆ. ಪುಕ್ಕಟೆ ಸಿಗುವ ಬ್ಲೆಂಡರ್ ತಂತ್ರಾಂಶದಲ್ಲೂ ಆ ಸೌಲಭ್ಯವಿದೆ.

ಕೋರ್‌ಗಳೆಲ್ಲ ಒಂದೇ ಸಮ ಅಂತಲೂ ತಿಳಿಯಬೇಡಿ. ಇಂಟೆಲ್ 2021ರ ಕೊನೆಯಿಂದ, ಅಂದರೆ 12ನೇ ಪೀಳಿಗೆಯಿಂದ, ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ದೊಡ್ಡ ಕೋರ್ ಮತ್ತು ಚಿಕ್ಕ ಕೋರ್ ಎಂದು ಎರಡು ಬಗೆ ತಂದಿತು. ಐ9-14900ಕೆ ಎಂಬುದರಲ್ಲಿ 24 ಕೋರ್ ಅನ್ನುತ್ತಾರೆ. ಅದರಲ್ಲಿ ದೊಡ್ಡವು 8, ಚಿಕ್ಕವು 16. ಎಂಟು ಜನ ಭಟ್ಟರು, ಹದಿನಾರು ಜನ ಕೈಯಾಳುಗಳು ಇದ್ದಂತೆ.

3. ಗೇಮಿಗೆ ಏನು ಬೇಕು?

‘ಗೇಮ್ ಓಡಬೇಕಾದರೆ ದೊಡ್ಡ ಪ್ರೊಸೆಸರ್ ಬೇಕು’ ಎಂಬುದು ಹುಡುಗರ ಬಾಯಲ್ಲಿ ಕೇಳುವ ಮಾತು. ಇದು ಅರ್ಧ ಸತ್ಯ. ಆಟದಲ್ಲಿ ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಗುಲಿತು ಎಂಬ ಲೆಕ್ಕ ಪ್ರೊಸೆಸರಿನದು. ಆದರೆ ಕಣ್ಣಿಗೆ ಕಾಣುವ ಚಿತ್ರವನ್ನು ಕ್ಷಣಕ್ಷಣಕ್ಕೂ ಬರೆಯುವುದು ಗ್ರಾಫಿಕ್ಸ್ ಕಾರ್ಡ್. ಐ9 ಹಾಕಿಸಿ ಗ್ರಾಫಿಕ್ಸ್ ಕಾರ್ಡ್ ಬಿಟ್ಟರೆ ಹೊಸ ದೊಡ್ಡ ಗೇಮ್‌ಗಳು ಸರಾಗವಾಗಿ ಓಡುವುದಿಲ್ಲ. 6 ಕೋರಿನ ಸಾಧಾರಣ ಪ್ರೊಸೆಸರ್ ಹಾಕಿ, ಉಳಿದ ಹಣದಲ್ಲಿ ತಕ್ಕಮಟ್ಟಿನ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಚೆನ್ನಾಗಿ ಓಡುತ್ತವೆ.

ಮಾನಿಟರ್ ಕೂಡ ನೋಡಬೇಕು. 60 ಹರ್ಟ್ಸ್ ಮಾನಿಟರ್ ಅಂದರೆ ಸೆಕೆಂಡಿಗೆ 60 ಚಿತ್ರ ತೋರಿಸುವಂಥದ್ದು. ಒಳಗಿನ ಯಂತ್ರ ಸೆಕೆಂಡಿಗೆ 200 ಚಿತ್ರ ತಯಾರಿಸಿದರೂ ಪರದೆ ಮೇಲೆ ಬರುವುದು 60 ಮಾತ್ರ.

ಎ.ಎಂ.ಡಿ.ಯಲ್ಲಿ ಹೆಸರಿನ ಕೊನೆಗೆ ‘ಎಕ್ಸ್3ಡಿ’ ಎಂದು ಇರುವ ಪ್ರೊಸೆಸರ್‌ಗಳಿವೆ. 2022ರಲ್ಲಿ ಬಂದ 5800ಎಕ್ಸ್3ಡಿ ಇವುಗಳಲ್ಲಿ ಮೊದಲನೆಯದು. ಸಾಂಬಾರ ಡಬ್ಬಿ ಅಟ್ಟದ ಮೇಲೆ ಇಡದೆ ಒಲೆ ಪಕ್ಕದಲ್ಲೇ ಇಟ್ಟುಕೊಂಡಂತೆ, ಇವುಗಳಲ್ಲಿ ಪ್ರೊಸೆಸರಿಗೆ ಅಂಟಿಕೊಂಡೇ ಹೆಚ್ಚಿನ ನೆನಪಿನ ಜಾಗ ಇರುತ್ತದೆ. ಗೇಮಿಗೆ ಇವು ಬಹಳ ಒಳ್ಳೆಯವು. ಆದರೆ ಲಗ್ನಪತ್ರಿಕೆಗೂ ಮನೆ ಪ್ಲಾನಿಗೂ ಆ ಹೆಚ್ಚಿನ ಬೆಲೆಗೆ ತಕ್ಕ ಲಾಭ ಇಲ್ಲ. ಕಂತು ಕಟ್ಟುವುದು ಆಟವಲ್ಲ, ಕೆಲಸ. ಇದು ನೆನಪಿರಲಿ.

ಇನ್ನೊಂದು ಮಾತು. ಗೇಮ್ ಅಂದ ಕೂಡಲೇ ಎಲ್ಲವೂ ಜೂಜು ಎಂದು ಹೆದರಬೇಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿದೆ. ಅಂಥ ಆಟ ಮನೆಯೊಳಗೆ ಬರಬಾರದು. ಬರೀ ಮನರಂಜನೆಯ ಆಟ ಬೇರೆ. ಅದಕ್ಕೆ ಹೊತ್ತು ಗೊತ್ತು ಮಾಡುವುದು ಮನೆಯವರ ಕೆಲಸ.

4. ಹಲ್ಲು ನೋಡುವುದು: ಸಂಖ್ಯೆಯ ಗುಟ್ಟು

‘ಐ7 ಮಿಷನ್ ಕಮ್ಮಿ ಬೆಲೆಗೆ ಕೊಡ್ತೀವಿ’ ಎಂಬ ಜಾಹೀರಾತು ನೋಡಿ ನಮ್ಮ ಹುಡುಗರು ಮೋಸ ಹೋಗುವುದು ಇಲ್ಲಿಯೇ. ಐ7 ಎಂಬುದು ಮನೆತನದ ಹೆಸರಿದ್ದಂತೆ. ವಯಸ್ಸು ತಿಳಿಯಬೇಕಾದರೆ ಅದರ ಮುಂದಿನ ಸಂಖ್ಯೆ ನೋಡಬೇಕು.

ಐ7-4770 ಎಂದು ಬರೆದಿದ್ದರೆ, ನಾಲ್ಕಂಕಿಯಲ್ಲಿ ಮೊದಲನೆಯದು 4. ಅಂದರೆ ನಾಲ್ಕನೇ ಪೀಳಿಗೆ, 2013ರದು. ಐ3-12100 ಎಂದು ಬರೆದಿದ್ದರೆ, ಐದಂಕಿಯಲ್ಲಿ ಮೊದಲೆರಡು 12. ಅಂದರೆ ಹನ್ನೆರಡನೇ ಪೀಳಿಗೆ, 2022ರದು. ಎರಡರಲ್ಲೂ ಇರುವುದು 4 ಕೋರ್. ಆದರೆ ಕೆಲಸದಲ್ಲಿ ಈ ‘ಚಿಕ್ಕ’ ಐ3 ಆ ‘ದೊಡ್ಡ’ ಐ7ಗಿಂತ ಎಷ್ಟೋ ಮುಂದೆ. ರೈಜೆನ್‌ನಲ್ಲೂ ಹೀಗೆಯೇ. 5600 ಎಂದರೆ 5000 ಸಾಲಿನದು, 7600 ಎಂದರೆ 7000 ಸಾಲಿನದು.

ಇನ್ನೊಂದು ತೊಂದರೆ ಇದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಅವರು ಒಪ್ಪಿದ ಪಟ್ಟಿಯಲ್ಲಿ ಇಂಟೆಲ್‌ನವು ಸುಮಾರಾಗಿ 8ನೇ ಪೀಳಿಗೆಯಿಂದ, ರೈಜೆನ್‌ನವು 2000 ಸಾಲಿನಿಂದ ಶುರುವಾಗುತ್ತವೆ. ಅದಕ್ಕಿಂತ ಹಳೆಯದನ್ನು ಸಾಲ ಮಾಡಿ ಕೊಳ್ಳುವುದು ಹಲ್ಲು ಉದುರಿದ ಹಸು ತಂದಂತೆ.

ಸಂಖ್ಯೆಯ ಕೊನೆಯ ಅಕ್ಷರವನ್ನೂ ಓದಿ.

ಎಫ್: ಇಂಟೆಲ್‌ನಲ್ಲಿ ಎಫ್ ಇದ್ದರೆ ಒಳಗೆ ಚಿತ್ರ ತೋರಿಸುವ ಭಾಗ ಕೆಲಸ ಮಾಡುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಬರದು. ಬೆಲೆ ಸ್ವಲ್ಪ ಕಡಿಮೆ. ಆದರೆ ಮದುವೆ ವಿಡಿಯೊ ಕೆಲಸವನ್ನು ಬೇಗ ಮಾಡಿಕೊಡುವ ಕ್ವಿಕ್ ಸಿಂಕ್ ಎಂಬ ಸೌಲಭ್ಯ ಆ ಭಾಗದಲ್ಲೇ ಇರುವುದರಿಂದ, ವಿಡಿಯೊ ಕೆಲಸದವರು ಎಫ್ ಇಲ್ಲದ್ದನ್ನೇ ಕೊಳ್ಳುವುದು ಒಳ್ಳೆಯದು. ಗ್ರಾಫಿಕ್ಸ್ ಕಾರ್ಡ್ ಕೆಟ್ಟು ರಿಪೇರಿಗೆ ಹೋದಾಗಲೂ ಕೆಲಸ ನಿಲ್ಲುವುದಿಲ್ಲ.

ಕೆ: ಇಂಟೆಲ್‌ನಲ್ಲಿ ಕೆ ಇದ್ದರೆ ವೇಗವನ್ನು ಕೈಯಾರೆ ಹೆಚ್ಚಿಸಿಕೊಳ್ಳಬಹುದು. ಕರೆಂಟು ಜಾಸ್ತಿ, ಶಾಖ ಜಾಸ್ತಿ, ತಂಪು ಮಾಡುವ ಫ್ಯಾನಿಗೆ ಬೇರೆ ಖರ್ಚು. ನಮಗೆ ಬೇಡ.

ಜಿ: ರೈಜೆನ್ 5600ಜಿ, 8600ಜಿ ಇವುಗಳ ಒಳಗೇ ತಕ್ಕಮಟ್ಟಿನ ಗ್ರಾಫಿಕ್ಸ್ ಇರುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಈಗ ಹಣ ಇಲ್ಲದವರಿಗೆ ಇದು ದಾರಿ.

5. ಹಾಗಾದರೆ ಯಾವುದು ಸಾಕು?

ಅ) ಲಗ್ನಪತ್ರಿಕೆ, ಅರ್ಜಿ, ಕರಪತ್ರ, ಸಾದಾ ಮನೆ ಪ್ಲಾನು, ಚಿಕ್ಕಪುಟ್ಟ ಆಟ: ಐ3-12100 ಅಥವಾ ರೈಜೆನ್ 5 5600ಜಿ ಸಾಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ.

ಆ) ಮೇಲಿನ ಕೆಲಸದ ಜೊತೆ ವಾರಕ್ಕೊಂದೆರಡು 3ಡಿ ಚಿತ್ರ ಅಥವಾ ವಿಡಿಯೊ, ಸಂಜೆ ದೊಡ್ಡ ಗೇಮ್: ರೈಜೆನ್ 5 7600 ಅಥವಾ ಇಂಟೆಲ್ ಐ5-12400, 13400, 14400 ಇವುಗಳಲ್ಲಿ ಒಂದು. ಜೊತೆಗೆ ಮಧ್ಯಮ ಬೆಲೆಯ ಗ್ರಾಫಿಕ್ಸ್ ಕಾರ್ಡ್. ನಮ್ಮ ಉದಾಹರಣೆಯ ಮನೆಗೆ ಇದೇ ಸರಿ.

ಇ) ದಿನವೂ ಗಂಟೆಗಟ್ಟಲೆ ರೆಂಡರ್ ಮತ್ತು ವಿಡಿಯೊ ಇದ್ದು, ಗಿರಾಕಿಗಳು ಈಗಾಗಲೇ ಕಾಯುತ್ತಿದ್ದರೆ: 8 ಕೋರಿನ ರೈಜೆನ್ 7 7700 ಅಥವಾ ಅದಕ್ಕೆ ಮೇಲಿನದು. ಗಿರಾಕಿ ಇನ್ನೂ ಹುಡುಕಬೇಕಾದವರಿಗೆ ಇದು ಬೇಡ.

ಇಲ್ಲಿ ಒಂದು ಜಾಣತನದ ದಾರಿ ಇದೆ. ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಗುದ್ದಲಿಯ ಕಾವು ಹಾಗೇ ಇಟ್ಟುಕೊಂಡು ಎಲೆ ಮಾತ್ರ ಬದಲಿಸುವಂತೆ, ಸಾಕೆಟ್ ಒಂದೇ ಆದರೆ ಮದರ್‌ಬೋರ್ಡ್ ಉಳಿಸಿಕೊಂಡು ಪ್ರೊಸೆಸರ್ ಮಾತ್ರ ಬದಲಿಸಬಹುದು. ಎ.ಎಂ.ಡಿ.ಯ ಎ.ಎಂ.5 ಸಾಕೆಟ್ 2022ರಲ್ಲಿ ಬಂತು. 7000 ಸಾಲಿನದೂ 2024ರಲ್ಲಿ ಬಂದ 9000 ಸಾಲಿನದೂ ಅದರಲ್ಲೇ ಕೂರುತ್ತವೆ. 2027ರವರೆಗಾದರೂ ಇದಕ್ಕೆ ಬೆಂಬಲ ಇರುತ್ತದೆ ಎಂದು ಕಂಪನಿ ಹೇಳಿದೆ. ಇಂಟೆಲ್‌ನ 12, 13, 14ನೇ ಪೀಳಿಗೆ ಒಂದೇ ಸಾಕೆಟ್‌ನವು. 2024ರ ಕೋರ್ ಅಲ್ಟ್ರಾಕ್ಕೆ ಸಾಕೆಟ್ ಬದಲಾಯಿತು. ಹೀಗಾಗಿ ಈಗ 6 ಕೋರ್ ಹಾಕಿ, ಸಾಲ ತೀರಿದ ಮೇಲೆ ಕೆಲಸ ಹೆಚ್ಚಿದ್ದರೆ ಅದೇ ಹಲಗೆಯ ಮೇಲೆ 8 ಅಥವಾ 12 ಕೋರ್ ಕೂರಿಸುವ ಅವಕಾಶ ಎ.ಎಂ.5ರಲ್ಲಿ ಹೆಚ್ಚು. ಇಂದೇ ಎಲ್ಲ ಕೊಂಡು ಸಾಲ ಹೊರುವ ಅಗತ್ಯವಿಲ್ಲ.

ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಹೆಚ್ಚು ಕರೆಂಟು ಎಳೆಯುವ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಕೆಲಸದ ನಡುವೆ ನಿಂತುಹೋಗುವ ತೊಂದರೆ ಇರುವುದನ್ನು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು ಸರಿಪಡಿಸುವ ಅಪ್‌ಡೇಟ್ ಕೊಟ್ಟಿತು. ವಾರಂಟಿಯನ್ನೂ 2 ವರ್ಷ ಹೆಚ್ಚಿಸಿತು. ಈ ಪೀಳಿಗೆಯ ಐ7, ಐ9 ಯಾರಾದರೂ ಬಳಸಿದ್ದನ್ನು ಅಗ್ಗಕ್ಕೆ ಕೊಡುತ್ತೇವೆ ಎಂದರೆ ಎಚ್ಚರವಾಗಿರಿ.

6. ಎಲ್ಲ ಹಣ ಪ್ರೊಸೆಸರಿಗೇ ಸುರಿಯಬೇಡಿ

ಆಲೆಮನೆ ನೋಡದವರು ನಮ್ಮಲ್ಲಿ ಯಾರೂ ಇಲ್ಲ. ದೊಡ್ಡ ಗಾಣ ತಂದು ಕೊಪ್ಪರಿಗೆ ಚಿಕ್ಕದಿಟ್ಟರೆ ಕಬ್ಬಿನ ಹಾಲು ನಿಂತು ಹುಳಿಯುತ್ತದೆ, ಬೆಲ್ಲ ಹೆಚ್ಚಾಗುವುದಿಲ್ಲ. ಕಂಪ್ಯೂಟರಿನಲ್ಲಿ ಪ್ರೊಸೆಸರ್ ಗಾಣವಾದರೆ ರ‍್ಯಾಮ್ ಕೊಪ್ಪರಿಗೆ.

ಈ ತಪ್ಪು ನಾವೂ ಮಾಡಿದ್ದೇವೆ. ಒಮ್ಮೆ ನಮ್ಮ ಕಚೇರಿಗೆ ದೊಡ್ಡ ಪ್ರೊಸೆಸರಿನ ಕಂಪ್ಯೂಟರ್ ಕೊಂಡು, ಹಣ ಉಳಿಸಲು ರ‍್ಯಾಮ್ 4 ಜಿ.ಬಿ. ಸಾಕು ಎಂದೆವು. ಕರಪತ್ರದ ಒಂದು ಪುಟ ತೆರೆಯುವಷ್ಟರಲ್ಲಿ ಲೋಟದಲ್ಲಿದ್ದ ಕಾಫಿ ಆರಿಹೋಗುತ್ತಿತ್ತು. ಆಮೇಲೆ ರ‍್ಯಾಮ್ ಹೆಚ್ಚಿಸಿದೆವು. ಅದೇ ಕಂಪ್ಯೂಟರ್ ಚುರುಕಾಯಿತು. ಮೊದಲೇ ಯಾರನ್ನಾದರೂ ಕೇಳಿದ್ದರೆ ಆರು ತಿಂಗಳು ಒದ್ದಾಡುವುದು ತಪ್ಪುತ್ತಿತ್ತು.

ಡಿಸೈನ್ ಕೆಲಸಕ್ಕೆ 16 ಜಿ.ಬಿ. ರ‍್ಯಾಮ್ ಬೇಕು. ಎಂಟೆಂಟರ ಎರಡು ಪಟ್ಟಿ ಹಾಕಿದರೆ ಒಂದೇ 16ಕ್ಕಿಂತ ಚುರುಕು. 3ಡಿ ಮತ್ತು ವಿಡಿಯೊ ಹೆಚ್ಚಿದ್ದರೆ 32 ಜಿ.ಬಿ. ಒಳ್ಳೆಯದು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಬಹಳ ಏರಿತು. ಆದ್ದರಿಂದ ಹಳೆಯ ಬೆಲೆಯ ನೆನಪಿನಲ್ಲಿ ಅರ್ಜಿ ಬರೆಯದೆ ಆ ವಾರದ ಕೊಟೇಶನ್ ತನ್ನಿ.

ಒಂದು ಲಕ್ಷ ರೂಪಾಯಿಯನ್ನು ಹೀಗೆ ಹಂಚಬಹುದು. ಇದು ಬೆಲೆಪಟ್ಟಿ ಅಲ್ಲ, ಹಂಚಿಕೆಯ ಮಾದರಿ ಮಾತ್ರ.

ಪ್ರೊಸೆಸರ್: 17,000
ಮದರ್‌ಬೋರ್ಡ್: 12,000
ರ‍್ಯಾಮ್: 13,000
ಎಸ್.ಎಸ್.ಡಿ.: 7,000
ಗ್ರಾಫಿಕ್ಸ್ ಕಾರ್ಡ್: 25,000
ಎಸ್.ಎಂ.ಪಿ.ಎಸ್. ಮತ್ತು ಕ್ಯಾಬಿನೆಟ್: 9,000
ಮಾನಿಟರ್, ಕೀಬೋರ್ಡ್, ಮೌಸ್: 10,000
ಯು.ಪಿ.ಎಸ್.: 7,000
ಒಟ್ಟು: 1,00,000

ಪ್ರೊಸೆಸರಿನ ಪಾಲು ಐದರಲ್ಲಿ ಒಂದು ಭಾಗ ದಾಟದಂತೆ ನೋಡಿಕೊಂಡರೆ ಉಳಿದ ಅಂಗಗಳು ಸೊರಗುವುದಿಲ್ಲ. ತಂತ್ರಾಂಶದ ಖರ್ಚನ್ನೂ ಮರೆಯಬೇಡಿ. ಫೋಟೊಶಾಪ್, ಕೋರೆಲ್‌ಡ್ರಾ ಇವಕ್ಕೆ ಹಣ ಕಟ್ಟಬೇಕು. ಗಿಂಪ್, ಇಂಕ್‌ಸ್ಕೇಪ್, ಬ್ಲೆಂಡರ್ ಪುಕ್ಕಟೆ ಸಿಗುತ್ತವೆ. ಕನ್ನಡ ಬರೆಯಲು ನುಡಿ ಇದೆ.

7. ಕರೆಂಟು ಮತ್ತು ಶಾಖ

ರೈಜೆನ್ 5 7600ಕ್ಕೆ ಕಂಪನಿ ಬರೆದಿರುವ ಶಕ್ತಿಯ ಅಳತೆ 65 ವಾಟ್. ಕೆಲಸ ಜೋರಾದಾಗ ಸ್ವಲ್ಪ ಹೆಚ್ಚು ಎಳೆಯುತ್ತದೆ. ಐ9-14900ಕೆ ಪೂರ್ತಿ ಓಡುವಾಗಿನ ಅಳತೆ 253 ವಾಟ್. ಅಷ್ಟು ಶಾಖ ಹೊರಹಾಕಲು ದುಬಾರಿ ಕೂಲರ್ ಬೇಕು, ದೊಡ್ಡ ಎಸ್.ಎಂ.ಪಿ.ಎಸ್. ಬೇಕು. ಏಪ್ರಿಲ್ ತಿಂಗಳಲ್ಲಿ ಶೀಟಿನ ಮನೆಯೊಳಗೆ ಏನಾದೀತು ಯೋಚಿಸಿ. ಶಾಖ ಮಿತಿ ಮೀರಿದರೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಆಗುವುದಿಲ್ಲ.

ದಿನಕ್ಕೆ 4 ಗಂಟೆ ಡಿಸೈನ್ ಕೆಲಸ 125 ವಾಟ್‌ನಂತೆ ಅರ್ಧ ಯೂನಿಟ್, 2 ಗಂಟೆ ಗೇಮ್ 300 ವಾಟ್‌ನಂತೆ 0.6 ಯೂನಿಟ್ ಎಂದು ಅಂದಾಜು ಮಾಡಿದರೆ ತಿಂಗಳಿಗೆ 33 ಯೂನಿಟ್ ಆಯಿತು. ಎರಡು ಗಂಟೆ ಆಟ ನಾಲ್ಕು ಗಂಟೆ ಕೆಲಸಕ್ಕಿಂತ ಹೆಚ್ಚು ಕರೆಂಟು ತಿನ್ನುತ್ತದೆ, ಗಮನಿಸಿ. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಹಿಂದಿನ ಬಳಕೆ ನೋಡಿ ಪ್ರತಿ ಮನೆಗೂ ಉಚಿತ ಯೂನಿಟ್ ಗೊತ್ತುಮಾಡಿದ್ದಾರೆ. ಅದನ್ನು ದಾಟಿದ ಯೂನಿಟ್‌ಗೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಆ ಸೌಲಭ್ಯ ಮನೆ ಬಳಕೆಗೆ ಮಾತ್ರ. ಅಂಗಡಿ ಎಂದು ನಡೆಸುವುದಾದರೆ ಮೀಟರಿನ ವಿಚಾರ ಮೊದಲೇ ಕೇಳಿಕೊಳ್ಳಿ.

ನಮ್ಮೂರ ಕಡೆ ಕರೆಂಟು ಹೋಗಿ ಬರುವುದು ಇದ್ದದ್ದೇ. ಯು.ಪಿ.ಎಸ್. ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಲಕ್ಷ ರೂಪಾಯಿಯ ಮಿಷನ್ ಇಡಬೇಡಿ.

8. ಸಾಲದ ಲೆಕ್ಕ

ನಮ್ಮ ಉದಾಹರಣೆಯ ಮನೆಯಲ್ಲಿ ಕೈಯಲ್ಲಿರುವ ಉಳಿತಾಯ 28,000. ಸಂಘದ ಬಡ್ಡಿ ತಿಂಗಳಿಗೆ ನೂರಕ್ಕೆ 1 ರೂಪಾಯಿ, ಉಳಿದ ಅಸಲಿನ ಮೇಲೆ ಮಾತ್ರ, 24 ಕಂತು ಎಂದು ಇಟ್ಟುಕೊಳ್ಳೋಣ.

ತಮ್ಮ ಹೇಳಿದ ಐ9 ಮಿಷನ್: ಸಾಲ 1,20,000. ತಿಂಗಳ ಅಸಲು 5,000. ಮೊದಲ ತಿಂಗಳ ಬಡ್ಡಿ 1,200. ಮೊದಲ ಕಂತು 6,200. ಎರಡು ವರ್ಷದ ಒಟ್ಟು ಬಡ್ಡಿ 15,000.

6 ಕೋರಿನ ಮಿಷನ್: ಸಾಲ 72,000. ತಿಂಗಳ ಅಸಲು 3,000. ಮೊದಲ ತಿಂಗಳ ಬಡ್ಡಿ 720. ಮೊದಲ ಕಂತು 3,720. ಎರಡು ವರ್ಷದ ಒಟ್ಟು ಬಡ್ಡಿ 9,000.

ಅಸಲು ಬಡ್ಡಿ ಸೇರಿ ವ್ಯತ್ಯಾಸ 54,000 ರೂಪಾಯಿ. ಒಂದು ಡಿಸೈನಿಗೆ ಖರ್ಚು ಕಳೆದು 150 ರೂಪಾಯಿ ಉಳಿಯುತ್ತದೆ ಎಂದಾದರೆ, 3,720ರ ಕಂತಿಗೆ ತಿಂಗಳಿಗೆ 25 ಕೆಲಸ ಬೇಕು. 6,200ರ ಕಂತಿಗೆ 42 ಕೆಲಸ ಬೇಕು. ಐ9 ಹಾಕಿದ ಮಾತ್ರಕ್ಕೆ ಲಗ್ನಪತ್ರಿಕೆ ಮಾಡಿಸುವವರು ಹೆಚ್ಚಾಗುವುದಿಲ್ಲ. ಮದುವೆ ಸೀಜನ್ ಮುಗಿದು ಆಷಾಢ ಬಂದಾಗ 25 ಕೆಲಸವೇ ಕಷ್ಟ. ಗೃಹಲಕ್ಷ್ಮಿಯ 2,000 ಬರುತ್ತದೆ ಎಂದು ಅದನ್ನು ಕಂತಿಗೆ ಸೇರಿಸಿ ಲೆಕ್ಕ ಹಾಕಬೇಡಿ. ಅದು ಮನೆಯ ಅಕ್ಕಿ ಬೇಳೆಯ ಹಣ.

9. ಕೊಳ್ಳುವಾಗ

• ಮದ್ದೂರು, ಮಂಡ್ಯ, ಮೈಸೂರು ಅಥವಾ ಬೆಂಗಳೂರಿನ ಎಸ್.ಪಿ. ರಸ್ತೆ, ಎಲ್ಲಿ ಕೊಂಡರೂ ಕನಿಷ್ಠ ಮೂರು ಕಡೆ ಬರವಣಿಗೆಯ ಕೊಟೇಶನ್ ತನ್ನಿ. ಅದರಲ್ಲಿ ‘ಐ5 ಪ್ರೊಸೆಸರ್’ ಎಂದಷ್ಟೇ ಇದ್ದರೆ ಒಪ್ಪಬೇಡಿ. ಪೂರ್ತಿ ಸಂಖ್ಯೆ, ಕೊನೆಯ ಅಕ್ಷರ ಸಮೇತ ಬರೆಸಿ.
• ದೂರದ ಅಂಗಡಿಯಲ್ಲಿ ಸಾವಿರ ರೂಪಾಯಿ ಕಡಿಮೆ ಇರಬಹುದು. ಕೆಟ್ಟಾಗ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವ ಖರ್ಚನ್ನೂ ಸೇರಿಸಿ ನೋಡಿ.
• ಕಂಪನಿ ಡಬ್ಬಿಯಲ್ಲಿ ಬರುವ ಹೊಸ ಪ್ರೊಸೆಸರಿಗೆ ಸಾಮಾನ್ಯವಾಗಿ 3 ವರ್ಷದ ವಾರಂಟಿ ಇರುತ್ತದೆ. ಡಬ್ಬಿ ಇಲ್ಲದೆ ಬಿಡಿಯಾಗಿ ಕೊಟ್ಟರೆ ವಾರಂಟಿ ಯಾರದು, ಎಷ್ಟು ದಿನ ಎಂದು ಬರೆಸಿಕೊಳ್ಳಿ.
• ಜಿ.ಎಸ್.ಟಿ. ಬಿಲ್ಲು ಸದಸ್ಯೆಯ ಇಲ್ಲವೇ ದುಡಿಯುವ ಮಗಳ ಹೆಸರಿನಲ್ಲಿ ಇರಲಿ. ಅದರ ಜೆರಾಕ್ಸ್ ಸಂಘದ ಕಡತದಲ್ಲಿ ಇಡಿ.
• ಮನೆಗೆ ತಂದ ಮೇಲೆ ಕಂಪ್ಯೂಟರ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ತೋರಿಸುವ ಪ್ರೊಸೆಸರಿನ ಹೆಸರು ಬಿಲ್ಲಿನಲ್ಲಿ ಇರುವುದೇ ಎಂದು ಇಬ್ಬರು ಸದಸ್ಯರು ಕಣ್ಣಾರೆ ನೋಡಿ ನಡಾವಳಿಯಲ್ಲಿ ಬರೆಯಿರಿ.

ಮುಂದಿನ ವಾರದ ಸಭೆ

ನಮ್ಮ ಉದಾಹರಣೆಗೆ ಮರಳೋಣ. ಮುಂದಿನ ವಾರ ತಾಯಿಯ ಜೊತೆ ಮಗಳೂ ಬಂದಳು. ಒಂದು ಹಾಳೆಯಲ್ಲಿ ತನ್ನ ಕೆಲಸದ ಪಟ್ಟಿ ಬರೆದಿದ್ದಳು. ತಿಂಗಳಿಗೆ ಎಷ್ಟು ಲಗ್ನಪತ್ರಿಕೆ, ಎಷ್ಟು ಪ್ಲಾನು, ಎಷ್ಟು 3ಡಿ ಚಿತ್ರ, ಯಾವುದಕ್ಕೆ ಎಷ್ಟು ಸಿಗುತ್ತದೆ. “ಅಂಗಡೀಲಿ ನಂಗೆ ತಡ ಆಗೋದು ಫೈಲ್ ತೆಗೆಯೋಕೆ. ಅದು ರ‍್ಯಾಮ್ ಕಮ್ಮಿ ಇರೋದ್ರಿಂದ. ರೆಂಡರ್ ನಾನು ರಾತ್ರಿ ಹಾಕಿ ಮಲಗ್ತೀನಿ, ಬೆಳಿಗ್ಗೆ ಆಗಿರ್ತದೆ. ನಂಗೆ ಐ9 ಬೇಡ” ಎಂದಳು. ಬಾಗಿಲ ಬಳಿ ನಿಂತಿದ್ದ ತಮ್ಮ, “ಗ್ರಾಫಿಕ್ಸ್ ಕಾರ್ಡ್ ಹಾಕ್ಸೋದಾದ್ರೆ ನಂಗೂ ಸಾಕು ಬುಡಕ್ಕ” ಎಂದ. ಹಗಲು ಅಕ್ಕನ ಕೆಲಸ, ಕೆಲಸ ಮುಗಿದ ಮೇಲೆ ಎರಡು ಗಂಟೆ ಅವನ ಆಟ ಎಂದು ಅಲ್ಲೇ ಮಾತಾಯಿತು. ಸಂಘ 72,000 ಮಂಜೂರು ಮಾಡಿತು. ಮಗಳು ಒಂದು ಕೆಲಸದ ಪುಸ್ತಕ ಇಟ್ಟು, ಬಂದ ಕೆಲಸ, ಬಂದ ಹಣ ಬರೆದು ಮೂರು ತಿಂಗಳಿಗೊಮ್ಮೆ ಸಭೆಗೆ ತೋರಿಸಬೇಕೆಂದು ನಡಾವಳಿಯಲ್ಲಿ ಬರೆಯಲಾಯಿತು.

ಇಲ್ಲಿ ಸಂಘದವರು ಯಾರೂ ಕಂಪ್ಯೂಟರ್ ಕಲಿತವರಲ್ಲ. ಅವರು ಮಾಡಿದ್ದು ಇಷ್ಟೇ: ಸರಿಯಾದವರನ್ನು ಸರಿಯಾದ ಪ್ರಶ್ನೆ ಕೇಳಿದರು.

ಸಹಿ ಹಾಕುವ ಮುನ್ನ ಕೇಳಬೇಕಾದ ಏಳು ಪ್ರಶ್ನೆಗಳು

1. ಈ ಕಂಪ್ಯೂಟರಿನಲ್ಲಿ ಹಣ ತರುವ ಕೆಲಸ ಯಾವುದು? ಮಾಡುವವರು ಯಾರು? ಅವರನ್ನು ಕೇಳಿದ್ದೀರಾ?
2. ಪ್ರೊಸೆಸರಿನ ಪೂರ್ತಿ ಹೆಸರು ಏನು? ಯಾವ ಪೀಳಿಗೆ?
3. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಕೊಂಡರೆ ಯಾವ ಕೆಲಸ ನಿಲ್ಲುತ್ತದೆ?
4. ರ‍್ಯಾಮ್ ಎಷ್ಟು? ಗ್ರಾಫಿಕ್ಸ್ ಕಾರ್ಡಿಗೆ, ಯು.ಪಿ.ಎಸ್.ಗೆ ಹಣ ಇಟ್ಟಿದ್ದೀರಾ?
5. ಮುಂದೆ ಪ್ರೊಸೆಸರ್ ಮಾತ್ರ ಬದಲಿಸಲು ಸಾಧ್ಯವೇ?
6. ಕಂತು ಕಟ್ಟಲು ತಿಂಗಳಿಗೆ ಎಷ್ಟು ಕೆಲಸ ಬೇಕು? ಈಗ ಎಷ್ಟು ಸಿಗುತ್ತಿದೆ?
7. ಕೆಲಸ ಕಡಿಮೆಯಾದ ತಿಂಗಳು ಕಂತು ಎಲ್ಲಿಂದ?

ಸಭೆಯಲ್ಲಿ ಚರ್ಚಿಸೋಣ

ಅ) ನಮ್ಮ ಸಂಘದಲ್ಲಿ ‘ನಂಗೇನ್ ಗೊತ್ತಾಯ್ತದೆ’ ಎಂದು ಕೇಳದೆ ಬಿಟ್ಟು ಕೊಟ್ಟ ಸಾಲ ಯಾವುದಾದರೂ ಇದೆಯೇ? ಅದರ ಮರುಪಾವತಿ ಹೇಗಿದೆ?
ಆ) ನಮ್ಮ ಮನೆಯಲ್ಲಿ ದುಡಿಯುವ ಹೆಣ್ಣುಮಕ್ಕಳ ಕೆಲಸದ ಸಾಮಾನನ್ನು ಆರಿಸುವವರು ಯಾರು?
ಇ) ಸದಸ್ಯರ ಮಕ್ಕಳಲ್ಲಿ ಕಂಪ್ಯೂಟರ್ ಬಲ್ಲವರು ಯಾರಿದ್ದಾರೆ? ಮುಂದಿನ ಸಭೆಗೆ ಒಬ್ಬರನ್ನು ಕರೆದು, ಮನೆಯಲ್ಲಿರುವ ಒಂದು ಕಂಪ್ಯೂಟರಿನ ಪ್ರೊಸೆಸರ್ ಸಂಖ್ಯೆ ಓದುವುದನ್ನು ಎಲ್ಲರೂ ಕಲಿಯೋಣವೇ?

ಹಸುವಿನ ಹಲ್ಲು ನೋಡುವುದನ್ನು ನಮಗೆ ಯಾರೂ ಶಾಲೆಯಲ್ಲಿ ಕಲಿಸಲಿಲ್ಲ. ಸಂತೆಯಲ್ಲಿ ಹಿರಿಯರ ಪಕ್ಕ ನಿಂತು ನೋಡಿ ಕಲಿತೆವು. ಇದನ್ನೂ ಹಾಗೆಯೇ ಕಲಿಯಬಹುದು.